ಉದ್ದ ಬೆಂಚಿನ ಮೇಲೆ ಒಬ್ಬಳೇ

ಕನ್ನಡದಲ್ಲಿ ‘ನೀನು’, ‘ನೀವು’ ಎರಡೂ ಇರುವುದರಿಂದ ಕ್ವೇಕರರ ಒಂದು ಹಠ ನಮಗೆ ಬೇಗ ಅರ್ಥವಾಗುತ್ತೆ. ಹದಿನೇಳನೇ ಶತಮಾನದ ಇಂಗ್ಲಿಷಿನಲ್ಲೂ ಹೀಗೇ ಇತ್ತು. ದೊಡ್ಡವರಿಗೆ ಬಹುವಚನ, ಆಳುಕಾಳುಗಳಿಗೆ ಏಕವಚನ. ದೇವರ ಮುಂದೆ ಎಲ್ಲರೂ ಒಂದೇ ಆದಮೇಲೆ ಮಾತಿನಲ್ಲಿ ಮಾತ್ರ ಮೇಲು ಕೀಳು ಯಾಕೆ ಅಂತ ಕೇಳಿದ ಕ್ವೇಕರರು, ನ್ಯಾಯಾಧೀಶನಿಗೂ ಜಮೀನ್ದಾರನಿಗೂ ‘ನೀನು’ ಅನ್ನತೊಡಗಿದರು. ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಇಷ್ಟಕ್ಕೇ ಏಟು ತಿಂದರು, ಜೈಲಿಗೂ ಹೋದರು. ಊರಿನ ಗೌಡರನ್ನೋ ಶಾನುಭೋಗರನ್ನೋ ಕೂಲಿಯವನೊಬ್ಬ ‘ನೀನು’ ಅಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಆ ಒಂದು ಪದದ ಬೆಲೆ ಎಷ್ಟು ಅಂತ ನಮಗೆ ಗೊತ್ತಾಗುತ್ತೆ.

ಹಾಗಾಗಿ ಈ ಲೇಖನದ ಉದ್ದಕ್ಕೂ ನಾನು ಎಲ್ಲರನ್ನೂ, ಹೆಂಗಸರು ಗಂಡಸರು ಅನ್ನದೆ, ಏಕವಚನದಲ್ಲೇ ಕರೆಯುತ್ತೇನೆ. ಅಗೌರವ ಅಂತ ತಿಳಿಯಬೇಡಿ. ಅವರ ಪದ್ಧತಿಯಲ್ಲಿ ಅದೇ ಗೌರವ.

ನಾನು ಓದಿದ ಶಾಲೆಯ ಪುಸ್ತಕದಲ್ಲಿ ಗುಲಾಮಗಿರಿ ಅಂದರೆ ಅಬ್ರಹಾಂ ಲಿಂಕನ್. ಒಬ್ಬ ಉದ್ದನೆಯ ಗಡ್ಡದ ಮನುಷ್ಯ ಬಂದ, ಬಿಡುಗಡೆ ಮಾಡಿದ, ಗುಂಡೇಟಿಗೆ ಸತ್ತ. ಅದಕ್ಕೂ ಮೊದಲು ಮೂವತ್ತು ವರ್ಷ ಮನೆಮನೆ ತಿರುಗಿ ಸಹಿ ಹಾಕಿಸಿದವರು, ಸಂತೆ ನಡೆಸಿ ಕಾಸು ಕೂಡಿಸಿದವರು, ಕಲ್ಲೇಟು ತಿಂದವರು ಯಾರು ಅನ್ನೋದು ಆ ಪುಸ್ತಕದಲ್ಲಿ ಇರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಸಿಕ್ಕವರಲ್ಲಿ ಬಹಳ ಜನ ಹೆಂಗಸರು, ಅದರಲ್ಲೂ ಕ್ವೇಕರ್ ಹೆಂಗಸರು. ಅವರ ಕತೆ ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಒಂದು ಸಣ್ಣ ಪ್ರಶ್ನೆ: ಸಭೆಯಲ್ಲಿ ಯಾರು ಎಲ್ಲಿ ಕೂರಬೇಕು? ಪಂಕ್ತಿಭೇದ ಕಂಡ ನಮಗೆ ಈ ಪ್ರಶ್ನೆ ಸಣ್ಣದಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಕ್ವೇಕರರ ಪಂಥ ಹುಟ್ಟಿದ್ದು 1650ರ ಆಸುಪಾಸಿನಲ್ಲಿ, ಇಂಗ್ಲೆಂಡಿನಲ್ಲಿ. ಜಾರ್ಜ್ ಫಾಕ್ಸ್ ಅನ್ನುವವನು ಶುರು ಮಾಡಿದ್ದು. ಪ್ರತಿಯೊಬ್ಬರೊಳಗೂ ದೇವರ ಬೆಳಕು ಇದೆ ಅನ್ನೋದು ಅವರ ನಂಬಿಕೆ. ಅವರ ಸಾಂಪ್ರದಾಯಿಕ ಪ್ರಾರ್ಥನೆಯಲ್ಲಿ ಪಾದ್ರಿ ಇಲ್ಲ, ಮಂತ್ರವಿಲ್ಲ. ಎಲ್ಲರೂ ಬೆಂಚುಗಳ ಮೇಲೆ ಸುಮ್ಮನೆ ಕೂರುತ್ತಾರೆ. ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತೋ ಅವರು ಎದ್ದು ನಿಂತು ನಾಲ್ಕು ಮಾತಾಡಿ ಕೂರುತ್ತಾರೆ. ಬೆಳಕು ಎಲ್ಲರಲ್ಲೂ ಇದೆ ಅಂದಮೇಲೆ ಹೆಂಗಸರಲ್ಲೂ ಇರಬೇಕಲ್ಲ? ಇದೆ ಅಂದರು ಕ್ವೇಕರರು. ಹೆಂಗಸರು ದೇವರ ಮಾತು ಹೇಳುವುದನ್ನು ಸಮರ್ಥಿಸಿ ಮಾರ್ಗರೆಟ್ ಫೆಲ್ 1666ರಲ್ಲೇ ಒಂದು ಪುಸ್ತಿಕೆ ತಂದಳು. ಆಗ ಅವಳು ಜೈಲಿನಲ್ಲಿದ್ದಳು. ಬೇರೆ ಚರ್ಚುಗಳಲ್ಲಿ ಹೆಂಗಸು ಬಾಯಿ ಬಿಡುವಂತಿಲ್ಲದ ಕಾಲದಲ್ಲಿ ಕ್ವೇಕರ್ ಹುಡುಗಿ ಚಿಕ್ಕಂದಿನಿಂದಲೇ ತನ್ನ ಅಮ್ಮನೋ ಅತ್ತೆಯೋ ಸಭೆಯಲ್ಲಿ ಎದ್ದು ಮಾತಾಡುವುದನ್ನು ನೋಡಿ ಬೆಳೆದಳು. ಮುಂದೆ ನಡೆದದ್ದಕ್ಕೆಲ್ಲ ಇದೇ ಅಡಿಪಾಯ.

ಆದರೆ ಬೇಲಿ ಇತ್ತು. ಪ್ರಾರ್ಥನೆಯಲ್ಲಿ ಮಾತಾಡಬಹುದು, ಆಡಳಿತದಲ್ಲಿ ಅಲ್ಲ. ಹೆಂಗಸರಿಗೆ ಬೇರೆ ಸಭೆ, ಗಂಡಸರಿಗೆ ಬೇರೆ ಸಭೆ. ಮುಖ್ಯ ತೀರ್ಮಾನಗಳೆಲ್ಲ ಗಂಡಸರ ಕಡೆಗೆ. ಲಂಡನ್ನಿನಲ್ಲಿ ಹೆಂಗಸರ ವಾರ್ಷಿಕ ಸಭೆಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದೇ 1784ರಲ್ಲಿ.

ಗುಲಾಮಗಿರಿಯ ವಿಷಯದಲ್ಲೂ ಅಷ್ಟೆ, ಕ್ವೇಕರರ ಕೈ ಮೊದಲಿನಿಂದಲೂ ಶುದ್ಧವಾಗಿತ್ತು ಅನ್ನುವ ಹಾಗಿಲ್ಲ. ಅಮೆರಿಕಾದ ಕ್ವೇಕರರಲ್ಲಿ ಗುಲಾಮರನ್ನಿಟ್ಟುಕೊಂಡವರು ಬೇಕಾದಷ್ಟು ಜನ ಇದ್ದರು. 1688ರಲ್ಲಿ ಜರ್ಮನ್‌ಟೌನ್ ಅನ್ನುವ ಊರಿನ ಕೆಲವರು ಇದು ತಪ್ಪು ಅಂತ ಅರ್ಜಿ ಬರೆದರೆ, ಅದನ್ನು ಮೇಲಿನ ಸಭೆಗೆ, ಅಲ್ಲಿಂದ ಇನ್ನೂ ಮೇಲಿನ ಸಭೆಗೆ ಅಂತ ಸಾಗಹಾಕಿದರು. ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದು ಅಂತ ಖಡಾಖಂಡಿತವಾಗಿ ಹೇಳಿದ್ದು 1776ರಲ್ಲಿ. ಅರ್ಜಿಯಿಂದ ಆಜ್ಞೆಗೆ 88 ವರ್ಷ. ಆದರೂ ಆ ಕಾಲದ ಉಳಿದ ಪಂಥಗಳ ಜೊತೆ ಹೋಲಿಸಿದರೆ ಇವರೇ ಎಷ್ಟೋ ಮುಂದು. ಅಷ್ಟನ್ನು ಒಪ್ಪಲೇಬೇಕು.

ಗುಲಾಮರನ್ನು ಬಿಟ್ಟದ್ದಾಯಿತು. ಪಕ್ಕದಲ್ಲಿ ಕೂರಿಸಿಕೊಂಡರಾ?

ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟಿನಲ್ಲಿ ಕ್ವೇಕರರ ದೊಡ್ಡ ಪ್ರಾರ್ಥನಾ ಮಂದಿರ ಇದೆ. ಅಲ್ಲಿಗೆ ಗ್ರೇಸ್ ಡಗ್ಲಸ್ ಅನ್ನುವ ಕಪ್ಪು ಹೆಂಗಸು ಬರುತ್ತಿದ್ದಳು, ಜೊತೆಗೆ ಮಗಳು ಸಾರಾ ಡಗ್ಲಸ್. ಇವರು ಗುಲಾಮರಲ್ಲ, ಸ್ವತಂತ್ರರು, ಓದುಬರಹ ಬಲ್ಲವರು. ನಂಬಿಕೆಯಲ್ಲಿ, ಸಾದಾ ಉಡುಪಿನಲ್ಲಿ, ಮಾತಿನಲ್ಲಿ ಪಕ್ಕಾ ಕ್ವೇಕರರೇ. ಆದರೆ ಮಂದಿರದಲ್ಲಿ ಕಪ್ಪುಜನಕ್ಕೆ ಅಂತ ಬೇರೆ ಬೆಂಚು ಇತ್ತು. ತಾನು ತೀರಾ ಚಿಕ್ಕವಳಿದ್ದಾಗಲೇ ‘ಈ ಬೆಂಚು ಕಪ್ಪುಜನಕ್ಕೆ’ ಅನ್ನುವ ಮಾತು ಕಿವಿಗೆ ಬೀಳುತ್ತಿತ್ತು, ಆಗ ಆಗುತ್ತಿದ್ದ ಸಂಕಟ ಇನ್ನೂ ನೆನಪಿದೆ ಅಂತ ಸಾರಾ 1837ರಲ್ಲಿ ಒಬ್ಬ ಕ್ವೇಕರನಿಗೆ ಪತ್ರ ಬರೆದಳು. ತಾನು ಆ ಮಂದಿರಕ್ಕೆ ಹೋಗುವುದನ್ನೇ ಬಿಟ್ಟೆ, ಆದರೆ ಅಮ್ಮ ಈಗಲೂ ವಾರಕ್ಕೊಮ್ಮೆ ಹೋಗುತ್ತಾಳೆ, ಎಷ್ಟೋ ಸಲ ಅಷ್ಟುದ್ದದ ಬೆಂಚಿನ ಮೇಲೆ ಅವಳು ಒಬ್ಬಳೇ ಇರುತ್ತಾಳೆ ಅಂತ ಅದರಲ್ಲಿ ಹೇಳಿದಳು.

ಎಲ್ಲರೊಳಗೂ ಬೆಳಕಿದೆ ಅನ್ನುವವರ ಸಭೆ. ರಾಜನಿಗೂ ‘ನೀನು’ ಅನ್ನುವ ಜನ. ಅಲ್ಲಿ ಒಂದು ಬೆಂಚು, ಅದರ ಮೇಲೆ ಒಬ್ಬಳೇ ಹೆಂಗಸು. ಇದನ್ನು ಓದಿದ ಮೇಲೆ ಕ್ವೇಕರರ ಹೊಗಳಿಕೆ ಎಲ್ಲೇ ಕಂಡರೂ ನನಗೆ ಈ ಬೆಂಚು ನೆನಪಾಗುತ್ತೆ.

ಸ್ವಲ್ಪ ಹೊತ್ತು ಇಂಗ್ಲೆಂಡಿಗೆ ಬನ್ನಿ. ಅಲ್ಲಿ ಜಗಳ ನಡೆದದ್ದು ಸಕ್ಕರೆ ಡಬ್ಬಿಯ ಸುತ್ತ. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರು ಸತ್ತು ಸತ್ತು ಬೆಳೆದ ಸಕ್ಕರೆ ಇಂಗ್ಲೆಂಡಿನ ಚಹಾಕ್ಕೆ ಬೀಳುತ್ತಿತ್ತು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿತ್ತು, ಆದರೆ ಇದ್ದ ಗುಲಾಮರು ಗುಲಾಮರಾಗಿಯೇ ಉಳಿದರು. 1823ರಲ್ಲಿ ಹುಟ್ಟಿದ ದೊಡ್ಡಮನುಷ್ಯರ ಸಂಘದ ಹೆಸರಿನಲ್ಲೇ ‘ಹಂತಹಂತವಾಗಿ’ ಅಂತ ಇತ್ತು. ಅವಸರ ಬೇಡ, ನಿಧಾನವಾಗಿ ಆಗಲಿ ಅನ್ನೋದು ಅವರ ಧೋರಣೆ.

ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್‌ಗೆ ಇದು ಸರಿಬೀಳಲಿಲ್ಲ. 1769ರಲ್ಲಿ ಹುಟ್ಟಿದ ಈಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಆಮೇಲೆ ಕ್ವೇಕರಳಾದವಳು. 1824ರಲ್ಲಿ ‘ಹಂತಹಂತವಾಗಿ ಅಲ್ಲ, ಈಗಲೇ’ ಅನ್ನುವ ಅರ್ಥದ ತಲೆಬರಹ ಇಟ್ಟು, ತನ್ನ ಹೆಸರು ಹಾಕದೆ ಒಂದು ಪುಸ್ತಿಕೆ ಪ್ರಕಟಿಸಿದಳು. ಅವಳ ತರ್ಕ ಸರಳ. ಕದ್ದ ಮಾಲನ್ನು ಇಟ್ಟುಕೊಂಡವನಿಗೆ ‘ಹಂತಹಂತವಾಗಿ ವಾಪಸ್ಸು ಕೊಡಪ್ಪಾ’ ಅಂತ ಯಾರಾದರೂ ಹೇಳ್ತಾರಾ? ಆ ಸಕ್ಕರೆ ಕೊಳ್ಳುವವಳೂ ಆ ಕಳ್ಳತನದಲ್ಲಿ ಪಾಲುದಾರಳೇ. ಸರಿ, ಗೆಳತಿಯರನ್ನು ಕಟ್ಟಿಕೊಂಡು ಊರಿನ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ವೆಸ್ಟ್ ಇಂಡೀಸ್ ಸಕ್ಕರೆ ಬಿಡಿ ಅಂತ ಕೇಳತೊಡಗಿದಳು. ಪಾರ್ಲಿಮೆಂಟಿನಲ್ಲಿ ಹೆಂಗಸಿಗೆ ಜಾಗ ಇರಲಿಲ್ಲ, ಓಟು ಇರಲಿಲ್ಲ. ಆದರೆ ಮನೆಗೆ ಯಾವ ಸಕ್ಕರೆ ತರಬೇಕು ಅನ್ನೋದು ಅವಳ ಕೈಯಲ್ಲೇ ಇತ್ತಲ್ಲ!

ಈ ಹೆಂಗಸರ ಸಂಘಗಳನ್ನು ಕಂಡು ಗುಲಾಮಗಿರಿ ವಿರೋಧಿ ಹೋರಾಟದ ಮಹಾನಾಯಕ ವಿಲ್ಬರ್‌ಫೋರ್ಸ್‌ಗೇ ಕಸಿವಿಸಿಯಾಯಿತು. ಹೆಂಗಸರು ಸಭೆ ಸೇರುವುದು, ಮನೆಮನೆಗೆ ಹೋಗಿ ಸಹಿ ಹಾಕಿಸುವುದು ಹೆಣ್ಣಿನ ಸ್ವಭಾವಕ್ಕೆ ಹೊಂದುವುದಿಲ್ಲ ಅನ್ನೋದು ಅವನ ಅಭಿಪ್ರಾಯ. ಹೆಂಗಸರು ಜಗಳಕ್ಕೆ ಹೋಗಲಿಲ್ಲ, ಲೆಕ್ಕದ ಪುಸ್ತಕ ತೆಗೆದರು. ಗಂಡಸರ ಸಂಘಕ್ಕೆ ಬರುವ ದೇಣಿಗೆಯಲ್ಲಿ ದೊಡ್ಡ ಪಾಲು ಹೆಂಗಸರ ಸಂಘಗಳದ್ದು. ‘ಹಂತಹಂತವಾಗಿ’ ಅನ್ನುವ ಪದ ತೆಗೆಯದಿದ್ದರೆ ಇನ್ನು ದುಡ್ಡು ಇಲ್ಲ ಅನ್ನುವ ಮಾತು ಬಂತು. 1830ರಲ್ಲಿ ಸಂಘದ ಹೆಸರಿನಿಂದ ಆ ಪದ ಹೋಯಿತು. ಎಲಿಜಬೆತ್ 1831ರಲ್ಲಿ ತೀರಿಕೊಂಡಳು. ಎರಡು ವರ್ಷಕ್ಕೆ ಕಾಯಿದೆ ಬಂತು.

ಈ ಸಕ್ಕರೆಯ ಕತೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟವರು ಅದರ ಬದಲು ಕೊಂಡದ್ದು ಭಾರತದ ಕಡೆಯಿಂದ ಬರುತ್ತಿದ್ದ ಸಕ್ಕರೆ. ‘ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಅಂತ ಬರೆಸಿದ ಪಿಂಗಾಣಿ ಸಕ್ಕರೆ ಬಟ್ಟಲುಗಳು ಆಗ ಮಾರಾಟಕ್ಕಿದ್ದವು. ಆದರೆ ನಮ್ಮಲ್ಲಿ ಗುಲಾಮಗಿರಿ ಇರಲಿಲ್ಲವೇ? ಇತ್ತು. 1833ರ ಬ್ರಿಟಿಷ್ ಕಾಯಿದೆ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು, ಗುಲಾಮರಿಗೆ ಒಂದು ಕಾಸೂ ಇಲ್ಲ. ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ನೆಲವನ್ನು ಕಾಯಿದೆಯಿಂದ ಹೊರಗಿಟ್ಟಿತು. ಕಂಪನಿಯ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಇದನ್ನೂ ಗಮನಿಸಿದ ಒಬ್ಬ ಕ್ವೇಕರ್ ಹೆಣ್ಣುಮಗಳಿದ್ದಳು, ಡಾರ್ಲಿಂಗ್ಟನ್ನಿನ ಎಲಿಜಬೆತ್ ಪೀಸ್. ಕಂಪನಿ ಆಳ್ವಿಕೆಯಲ್ಲಿನ ಭಾರತೀಯರ ಪಾಡನ್ನು ಇಂಗ್ಲೆಂಡಿನ ಜನರ ಮುಂದಿಡಲು 1839ರಲ್ಲಿ ಶುರುವಾದ ಬ್ರಿಟಿಷ್ ಇಂಡಿಯಾ ಸೊಸೈಟಿಗೆ ಅವಳೂ ಅವಳ ಅಪ್ಪನೂ ದುಡಿದರು.

ಮತ್ತೆ ಅಮೆರಿಕಾ. ಲುಕ್ರಿಷಿಯಾ ಮಾಟ್ ಹುಟ್ಟಿದ್ದು 1793ರಲ್ಲಿ, ನ್ಯಾನ್‌ಟಕೆಟ್ ಅನ್ನುವ ದ್ವೀಪದಲ್ಲಿ. ಗಂಡಸರು ತಿಮಿಂಗಿಲದ ಬೇಟೆಗೆ ಹೋದರೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಬರುತ್ತಿರಲಿಲ್ಲ. ಮನೆ, ಅಂಗಡಿ, ಲೆಕ್ಕ ಎಲ್ಲವೂ ಹೆಂಗಸರದ್ದೇ. ಅಂಥ ಊರಿನ ಹುಡುಗಿ ಕ್ವೇಕರರ ವಸತಿಶಾಲೆಯಲ್ಲಿ ಓದಿ ಅಲ್ಲೇ ಟೀಚರ್ ಆದಳು. ಆಗ ಕಣ್ಣಿಗೆ ಬಿದ್ದ ವಿಷಯ: ಹುಡುಗ ಹುಡುಗಿಯರಿಗೆ ಫೀಸು ಒಂದೇ, ಆದರೆ ಕಲಿಸುವ ಹೆಂಗಸಿಗೆ ಗಂಡಸಿನ ಸಂಬಳದ ಅರ್ಧವೂ ಇಲ್ಲ. ಅದೇ ಶಾಲೆಯ ಮೇಷ್ಟ್ರು ಜೇಮ್ಸ್ ಮಾಟ್‌ನನ್ನು 1811ರಲ್ಲಿ ಮದುವೆಯಾದಳು. ಅವನೂ ಗಟ್ಟಿಗ. ಹತ್ತಿ ಗುಲಾಮರ ದುಡಿಮೆಯಿಂದ ಬರುತ್ತೆ ಅಂತ ಕೈತುಂಬ ಲಾಭ ಕೊಡುತ್ತಿದ್ದ ಹತ್ತಿ ವ್ಯಾಪಾರ ಬಿಟ್ಟು ಉಣ್ಣೆಗೆ ಹೊರಳಿದ.

1833ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕಾದ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು. ಲುಕ್ರಿಷಿಯಾ ಮತ್ತು ಇನ್ನು ಕೆಲವು ಹೆಂಗಸರು ಹೋಗಿದ್ದರು, ನೋಡುವುದಕ್ಕೆ ಮಾತ್ರ. ಘೋಷಣೆಯ ಕರಡು ಓದುವಾಗ ಲುಕ್ರಿಷಿಯಾ ಎದ್ದು ಒಂದು ವಾಕ್ಯದ ಹಿಂದುಮುಂದನ್ನು ಅದಲುಬದಲು ಮಾಡಿ ಅಂದಳು. ಇಂಥ ಮಾತು ಆಡಿದ ಹೆಂಗಸು ಯಾರಪ್ಪಾ ಅಂತ ಒಬ್ಬ ತರುಣ ತಿರುಗಿ ನೋಡಿದನಂತೆ. ಸಲಹೆ ತೆಗೆದುಕೊಂಡರು. ಆದರೆ ಕೊನೆಗೆ ಸಹಿ ಹಾಕಿದ್ದು ಗಂಡಸರು ಮಾತ್ರ. ಹೆಂಗಸರನ್ನು ಸಹಿಗೆ ಕರೆಯಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಕೆಲವೇ ದಿನಗಳಲ್ಲಿ, ಡಿಸೆಂಬರ್ 9ಕ್ಕೆ, ಹೆಂಗಸರು ತಮ್ಮದೇ ಫಿಲಡೆಲ್ಫಿಯಾ ಮಹಿಳಾ ಸಂಘ ಕಟ್ಟಿದರು. ಲುಕ್ರಿಷಿಯಾ ಇದ್ದಳು, ಗ್ರೇಸ್ ಡಗ್ಲಸ್ ಇದ್ದಳು, ಸಾರಾ ಡಗ್ಲಸ್ ಸೇರಿದಳು, ಕಪ್ಪು ಜನಾಂಗದ ಫಾರ್ಟನ್ ಮನೆತನದ ತಾಯಿ ಮಕ್ಕಳು ಇದ್ದರು. ಮಂದಿರದಲ್ಲಿ ಬೇರೆ ಬೆಂಚಿನಲ್ಲಿ ಕೂರಬೇಕಾದವರು ಇಲ್ಲಿ ಒಂದೇ ಮೇಜಿನ ಸುತ್ತ ಕೂತರು. ಆದರೆ ಸಭೆ ನಡೆಸುವುದು ಹೇಗೆ, ಅಧ್ಯಕ್ಷತೆ, ಠರಾವು, ಮತ ಅಂದರೆ ಏನು ಅಂತ ಹೆಚ್ಚಿನವರಿಗೆ ಅನುಭವ ಇರಲಿಲ್ಲ. ಹಾಗಾಗಿ ಮೊದಲ ಸಭೆಯ ಕುರ್ಚಿಯಲ್ಲಿ ಕೂತದ್ದು ಜೇಮ್ಸ್ ಮೆಕ್ರಮೆಲ್ ಅನ್ನುವ ಕಪ್ಪು ದಂತವೈದ್ಯ. ಕಾನೂನಿನ ಕಾಗದಗಳಲ್ಲಿ ಕಪ್ಪುಜನ, ಬುದ್ಧಿ ಬಲಿಯದವರು, ಹೆಂಗಸರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರಲ್ಲ, ನಮ್ಮ ಸಾಲಿನವನೇ ಒಬ್ಬ ಸಹಾಯಕ್ಕೆ ಸಿಕ್ಕಿದ ಅಂತ ಖುಷಿಯಾಯಿತು ಅಂತ ಲುಕ್ರಿಷಿಯಾ ವರ್ಷಗಳಾದ ಮೇಲೆ ತಮಾಷೆಯಾಗಿ ನೆನೆಸಿಕೊಂಡಳು. ತಮಾಷೆಯೇನೋ ಹೌದು, ಒಳಗೆ ಮುಳ್ಳಿದೆ.

ಆ ಸಂಘ ಮೂವತ್ತಾರು ವರ್ಷ ನಡೆಯಿತು. ವರ್ಷಕ್ಕೊಮ್ಮೆ ಕಸೂತಿ, ಹೊಲಿಗೆ, ತಿಂಡಿ ಮಾರುವ ಸಂತೆ. ಉಳಿದಂತೆ ಅರ್ಜಿಗೆ ಸಹಿ ಸಂಗ್ರಹ. ನಡಾವಳಿ ಬರೆಯುವುದು, ಲೆಕ್ಕ ಇಡುವುದು, ಎದುರುತ್ತರ ಕೊಡುವುದು ಎಲ್ಲವನ್ನೂ ಅವರು ಕಲಿತದ್ದು ಇಲ್ಲೇ. ಹೆಣ್ಣಿನ ಹಕ್ಕು ಕೇಳಬೇಕು ಅಂತ ಅವರು ಹೊರಟಿರಲಿಲ್ಲ. ಬೇರೆಯವರ ಬಿಡುಗಡೆಗೆ ದುಡಿಯಹೊರಟಾಗ ತಮ್ಮ ಕಾಲಿಗೆ ಕಟ್ಟಿದ ಹಗ್ಗ ಎಷ್ಟುದ್ದ ಅಂತ ಗೊತ್ತಾಯಿತು.

ಇದು ಚೆನ್ನಾಗಿ ಕಾಣುವುದು ಗ್ರಿಮ್ಕೆ ಅಕ್ಕತಂಗಿಯರಲ್ಲಿ. ಸಾರಾ ಮತ್ತು ಆಂಜಲಿನಾ ದಕ್ಷಿಣದ ಚಾರ್ಲ್ಸ್‌ಟನ್ ನಗರದವರು. ಅಪ್ಪ ದೊಡ್ಡ ನ್ಯಾಯಾಧೀಶ, ಮನೆತುಂಬ ಗುಲಾಮರು. ಹುಡುಗಿ ಸಾರಾ ತನಗೆ ಕೊಟ್ಟ ಗುಲಾಮ ಹುಡುಗಿಗೆ ರಾತ್ರಿ ಬಾಗಿಲು ಹಾಕಿಕೊಂಡು ಅಕ್ಷರ ಕಲಿಸಿದವಳು. ಕಾನೂನಿನ ಪ್ರಕಾರ ಅದು ಅಪರಾಧ. ತಾನೂ ಲಾ ಓದಬೇಕು ಅಂದರೆ ಮನೆಯವರು ಬಿಡಲಿಲ್ಲ. 1821ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಕ್ವೇಕರಳಾದಳು. 1829ರಲ್ಲಿ ತಂಗಿಯೂ ಬಂದಳು. ಆರ್ಚ್ ಸ್ಟ್ರೀಟಿನ ಮಂದಿರದಲ್ಲಿ ಈ ಇಬ್ಬರೂ ಹೋಗಿ ಕೂತದ್ದು ಎಲ್ಲಿ ಗೊತ್ತಾ? ಡಗ್ಲಸ್ ತಾಯಿ ಮಗಳ ಬೆಂಚಿನಲ್ಲಿ. ಹಿರಿಯರು ಆಕ್ಷೇಪಿಸಿದರು. ಆ ಬೆಂಚು ಬೇರೆಯಾಗಿ ಇರುವವರೆಗೂ ನಾವೂ ಅಲ್ಲೇ ಕೂರುತ್ತೇವೆ ಅನ್ನೋದು ಇವರ ನಿಲುವು.

1835ರಲ್ಲಿ ಆಂಜಲಿನಾ ಬರೆದ ಕಾಗದವೊಂದು ಗುಲಾಮಗಿರಿ ವಿರೋಧಿ ಪತ್ರಿಕೆಯಲ್ಲಿ ಅಚ್ಚಾಯಿತು. ವಾಪಸ್ಸು ತೆಗೆದುಕೋ ಅಂತ ಕ್ವೇಕರ್ ಹಿರಿಯರು ಒತ್ತಾಯಿಸಿದರು. ಇಲ್ಲ ಅಂದಳು. ಮರುವರ್ಷ ದಕ್ಷಿಣದ ಹೆಂಗಸರಿಗೆ ಅಂತ ಒಂದು ಪುಸ್ತಿಕೆ ಬರೆದಳು. ಅವಳ ಹುಟ್ಟೂರಿನಲ್ಲಿ ಅದನ್ನು ಸುಟ್ಟರು, ಊರಿಗೆ ಕಾಲಿಟ್ಟರೆ ಜೋಕೆ ಅಂತ ಹೇಳಿಕಳಿಸಿದರು. ಅದೇ 1836ರಲ್ಲಿ ಅಕ್ಕ ಸಾರಾ ಪ್ರಾರ್ಥನೆಯಲ್ಲಿ ಎದ್ದು ಮಾತಾಡುತ್ತಿದ್ದಾಗ ಒಬ್ಬ ಹಿರಿಯ ನಡುವೆಯೇ ಬಾಯಿ ಹಾಕಿ ಅವಳನ್ನು ಕೂರಿಸಿದ. ಕ್ವೇಕರರ ಮೌನದ ಸಭೆಯಲ್ಲಿ ಹೀಗೆ ಮಾತು ಕತ್ತರಿಸುವುದು ಅಂದರೆ ಮುಖಕ್ಕೆ ಹೊಡೆದಂತೆ. ಹೆಂಗಸಿಗೂ ಬೆಳಕಿದೆ ಸರಿ, ಆದರೆ ಆ ಬೆಳಕು ಏನು ಹೇಳಬೇಕು ಅಂತ ಹಿರಿಯರು ತೀರ್ಮಾನಿಸುತ್ತಾರೆ! ಸಾರಾ ಫಿಲಡೆಲ್ಫಿಯಾ ಬಿಟ್ಟಳು.

1837ರಲ್ಲಿ ಇಬ್ಬರೂ ಮ್ಯಾಸಚೂಸೆಟ್ಸ್‌ನಲ್ಲಿ ಊರೂರು ತಿರುಗಿ ಭಾಷಣ ಮಾಡಿದರು. ಮೊದಮೊದಲು ಹೆಂಗಸರ ಸಭೆ. ಆಮೇಲೆ ಕುತೂಹಲಕ್ಕೆ ಗಂಡಸರೂ ಬಂದು ಹಿಂದೆ ನಿಂತರು, ಬರಬರುತ್ತಾ ಸಭಾಂಗಣ ತುಂಬಿತು. ಅಲ್ಲಿನ ಪಾದ್ರಿಗಳು ಕೂತು ಒಂದು ಸುತ್ತೋಲೆ ಹೊರಡಿಸಿದರು. ಹೆಣ್ಣು ಚಪ್ಪರಕ್ಕೆ ಹಬ್ಬುವ ಬಳ್ಳಿ, ಮರವಾಗಲು ಹೋದರೆ ಮಣ್ಣುಪಾಲು ಅನ್ನೋದು ಅದರ ಸಾರ. ಸಾರಾ ಸುಮ್ಮನಿರಲಿಲ್ಲ. ಹೆಣ್ಣು ಗಂಡಿನ ಸಮಾನತೆ ಬಗ್ಗೆ ಸಾಲು ಸಾಲು ಕಾಗದ ಬರೆದಳು. 1838ರಲ್ಲಿ ಅವು ಪುಸ್ತಕವಾದವು. ಗುಲಾಮಗಿರಿಯ ಬಗ್ಗೆ ಮಾತಾಡಬೇಡ ಅಂದವರಿಗೆ ಉತ್ತರ ಕೊಡುತ್ತಾ ಕೊಡುತ್ತಾ ಅಮೆರಿಕಾದಲ್ಲಿ ಹೆಣ್ಣಿನ ಹಕ್ಕಿನ ಮೊದಲ ದೊಡ್ಡ ವಾದ ಹೀಗೆ ಮೈತಳೆಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಆಂಜಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಮಾತಾಡಿದಳು. ಅಮೆರಿಕಾದಲ್ಲಿ ಅದಕ್ಕೂ ಮೊದಲು ಯಾವ ಹೆಂಗಸೂ ಶಾಸಕರ ಮುಂದೆ ಹಾಗೆ ಮಾತಾಡಿರಲಿಲ್ಲ.

1838ರ ಮೇ ತಿಂಗಳ ಒಂದು ವಾರ ಮಾತ್ರ ಮರೆಯುವಂಥದ್ದಲ್ಲ. 14ಕ್ಕೆ ಫಿಲಡೆಲ್ಫಿಯಾದಲ್ಲಿ ಆಂಜಲಿನಾಳ ಮದುವೆ, ಥಿಯೊಡರ್ ವೆಲ್ಡ್ ಅನ್ನುವ ಹೋರಾಟಗಾರನ ಜೊತೆ. ಮದುವೆಯ ಕೇಕಿಗೂ ಗುಲಾಮರು ಬೆಳೆಯದ ಸಕ್ಕರೆ. ಗ್ರೇಸ್ ಮತ್ತು ಸಾರಾ ಡಗ್ಲಸ್ ಅತಿಥಿಗಳಲ್ಲಿದ್ದರು. ವರ ಕ್ವೇಕರನಲ್ಲ ಅಂತ ಆಂಜಲಿನಾಳನ್ನು ಕ್ವೇಕರರು ಸದಸ್ಯತ್ವದಿಂದ ತೆಗೆದರು. ಆ ಮದುವೆಗೆ ಹೋಗಿದ್ದಳು ಅಂತ ಅಕ್ಕನನ್ನೂ ತೆಗೆದರು.

ಅದೇ ದಿನ ಊರಿನಲ್ಲಿ ಪೆನ್ಸಿಲ್ವೇನಿಯಾ ಹಾಲ್ ಅನ್ನುವ ಹೊಸ ಕಟ್ಟಡ ತೆರೆಯಿತು. ಗುಲಾಮಗಿರಿಯ ವಿರುದ್ಧ ಮಾತಾಡಲು ಯಾರೂ ಜಾಗ ಬಾಡಿಗೆಗೆ ಕೊಡುತ್ತಿರಲಿಲ್ಲ ಅಂತ ಸುಮಾರು 40,000 ಡಾಲರ್ ಕೂಡಿಸಿ ಕಟ್ಟಿದ್ದು. ಹೆಂಗಸರ ರಾಷ್ಟ್ರೀಯ ಸಮಾವೇಶ ಅಲ್ಲೇ. ಕಪ್ಪು ಬಿಳಿ ಹೆಂಗಸರು ಒಟ್ಟಿಗೆ ಕೂರುತ್ತಾರೆ ಅನ್ನುವ ಸುದ್ದಿಯೇ ಊರಿಗೆ ಬೆಂಕಿ ಹಚ್ಚಲು ಸಾಕಾಯಿತು. 16ರ ಸಂಜೆ ಆಂಜಲಿನಾ ಮಾತಾಡುತ್ತಿದ್ದರೆ ಕಿಟಕಿಯ ಗಾಜುಗಳು ಕಲ್ಲೇಟಿಗೆ ಪುಡಿಯಾಗುತ್ತಿದ್ದವು. ಅವಳು ನಿಲ್ಲಿಸಲಿಲ್ಲ, ಒಂದು ಗಂಟೆಗೂ ಮೇಲೆ ಮಾತಾಡಿದಳು. ಆ್ಯಬಿ ಕೆಲ್ಲಿ ಅನ್ನುವ 27 ವರ್ಷದ ಕ್ವೇಕರ್ ಶಿಕ್ಷಕಿ ಗಂಡಸರೂ ಇದ್ದ ಸಭೆಯಲ್ಲಿ ಮೊದಲ ಸಲ ಮಾತಾಡಿದ್ದೂ ಅಂದೇ. ಮರುದಿನ ಸಭೆ ಮುಗಿಸಿ ಹೊರಗೆ ಬರುವಾಗ ಬಿಳಿಯ ಹೆಂಗಸರು ಕಪ್ಪು ಹೆಂಗಸರ ತೋಳಿಗೆ ತೋಳು ಹಾಕಿ ಗುಂಪಿನ ನಡುವೆಯೇ ನಡೆದುಬಂದರು. ಮೇಯರ್ ಬಂದು ಹಾಲಿಗೆ ಬೀಗ ಹಾಕಿಸಿ ಮನೆಗೆ ಹೋದ. ಗುಂಪು ಬಾಗಿಲು ಒಡೆದು ಬೆಂಕಿ ಇಟ್ಟಿತು. ಬೆಂಕಿ ಆರಿಸುವವರು ಅಕ್ಕಪಕ್ಕದ ಕಟ್ಟಡಗಳಿಗೆ ನೀರು ಹೊಡೆದರು, ಈ ಕಟ್ಟಡವನ್ನು ಉರಿಯಲು ಬಿಟ್ಟರು. ತೆರೆದ ನಾಲ್ಕನೇ ದಿನಕ್ಕೆ ಬೂದಿ.

ಗುಂಪು ಅಲ್ಲಿಂದ ಲುಕ್ರಿಷಿಯಾಳ ಮನೆ ಕಡೆ ಹೊರಟಿತ್ತು. ಅವಳೂ ಗಂಡನೂ ಮುಂದಿನ ಕೋಣೆಯಲ್ಲಿ ಕೂತು ಕಾದರು. ಗೆಳೆಯನೊಬ್ಬ ಗುಂಪಿನೊಳಗೆ ಸೇರಿಕೊಂಡು ದಾರಿ ತಪ್ಪಿಸಿದ್ದರಿಂದ ಮನೆ ಉಳಿಯಿತು. ಮರುದಿನ ಹೆಂಗಸರು ಸಾರಾ ಪ್ಯೂ ಅನ್ನುವ ಶಿಕ್ಷಕಿಯ ಶಾಲೆಯಲ್ಲಿ ಸೇರಿ ಉಳಿದ ಕಲಾಪ ಮುಗಿಸಿದರು. ಮುಂದಿನ ವರ್ಷ ಮತ್ತೆ ಅದೇ ಊರಿನಲ್ಲಿ ಸಮಾವೇಶ. ಕಪ್ಪುಜನರ ಜೊತೆ ಬೀದಿಯಲ್ಲಿ ಓಡಾಡಬೇಡಿ ಅಂತ ಮೇಯರ್ ಕೇಳಿಕೊಂಡಾಗ, ಹಿಂದೆಯೂ ಓಡಾಡಿದ್ದೇನೆ, ಮುಂದೆಯೂ ಓಡಾಡುತ್ತೇನೆ ಅನ್ನುವ ಅರ್ಥದ ಉತ್ತರ ಕೊಟ್ಟಳು ಲುಕ್ರಿಷಿಯಾ.

ಹೊರಗಿನವರ ಕಲ್ಲು ಸರಿ. 1840ರಲ್ಲಿ ಬಾಗಿಲು ಹಾಕಿದವರು ಒಳಗಿನವರೇ. ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಆ್ಯಬಿ ಕೆಲ್ಲಿಯನ್ನು ಅಮೆರಿಕಾ ಸಂಘದ ಒಂದು ಸಮಿತಿಗೆ ನೇಮಿಸಿದರು. ಮತಕ್ಕೆ ಹಾಕಿದಾಗ ನೂರಕ್ಕೂ ಹೆಚ್ಚು ಮತದ ಅಂತರದಲ್ಲಿ ಗೆದ್ದಳು. ಹೆಂಗಸಿನ ಜೊತೆ ಸಮಿತಿಯಲ್ಲಿ ಕೂರಲಾರೆವು ಅಂತ ಎದ್ದುಹೋದವರು ಬೇರೆ ಸಂಘವನ್ನೇ ಕಟ್ಟಿದರು.

ಜೂನ್ ತಿಂಗಳಲ್ಲಿ ಲಂಡನ್. ಗುಲಾಮಗಿರಿ ವಿರೋಧಿಗಳ ಜಾಗತಿಕ ಸಮ್ಮೇಳನ. ಕರೆದ ಸಂಘದ ಮುಂದಾಳು ಜೋಸೆಫ್ ಸ್ಟರ್ಜ್, ಅವನೂ ಕ್ವೇಕರನೇ. ಅಮೆರಿಕಾದ ಸಂಘಗಳು ಲುಕ್ರಿಷಿಯಾ, ಸಾರಾ ಪ್ಯೂ, ಮೇರಿ ಗ್ರೂ ಮುಂತಾದವರನ್ನು ಪ್ರತಿನಿಧಿಗಳಾಗಿ ಕಳಿಸಿದ್ದವು. ವಾರಗಟ್ಟಲೆ ಹಡಗಿನಲ್ಲಿ ಬಂದವರಿಗೆ ಒಳಗೆ ಪ್ರತಿನಿಧಿಯಾಗಿ ಜಾಗ ಇಲ್ಲ ಅಂದರು. ಮೊದಲ ದಿನ ಇಡೀ ಇದೇ ಚರ್ಚೆ. ಲೋಕದ ಗುಲಾಮರನ್ನು ಬಿಡಿಸಲು ಬಂದವರು ಒಂದು ದಿನ ಪೂರ್ತಿ ಹೆಂಗಸರು ಎಲ್ಲಿ ಕೂರಬೇಕು ಅಂತ ವಾದ ಮಾಡಿದರು! ಕೊನೆಗೆ ಭಾರೀ ಬಹುಮತದಿಂದ ತೀರ್ಮಾನವಾಯಿತು: ಹೆಂಗಸರು ಒಂದು ಕಡೆ ಪರದೆ ಕಟ್ಟಿದ ಜಾಗದಲ್ಲಿ ಕೂತು ಕೇಳಬಹುದು, ಮಾತಾಡುವಂತಿಲ್ಲ. ಇದರಲ್ಲಿ ಪಂಥದೊಳಗಿನ ಜಗಳವೂ ಇತ್ತು. 1827ರಲ್ಲಿ ಅಮೆರಿಕಾದ ಕ್ವೇಕರರು ಎರಡು ಬಣವಾಗಿದ್ದರು. ಲುಕ್ರಿಷಿಯಾ ಇದ್ದ ಬಣವನ್ನು ಇಂಗ್ಲೆಂಡಿನ ಕ್ವೇಕರರು ಕ್ವೇಕರರು ಅಂತಲೇ ಒಪ್ಪುತ್ತಿರಲಿಲ್ಲ.

ತಡವಾಗಿ ಬಂದ ಅಮೆರಿಕಾದ ನಾಯಕ ಗ್ಯಾರಿಸನ್ ವಿಷಯ ಕೇಳಿ ಪ್ರತಿನಿಧಿಗಳ ಜಾಗ ಬಿಟ್ಟು ಹೆಂಗಸರ ಕಡೆ ಹೋಗಿ ಕೂತ. ಅವನ ಜೊತೆ ಚಾರ್ಲ್ಸ್ ರೆಮಂಡ್ ಅನ್ನುವ ಕಪ್ಪು ಪ್ರತಿನಿಧಿಯೂ ಕೂತ. ತನ್ನ ಪ್ರಯಾಣಕ್ಕೆ ದುಡ್ಡು ಕೂಡಿಸಿದವರು ಹೆಂಗಸರ ಸಂಘಗಳು, ಅವರಿಗಿಲ್ಲದ ಜಾಗ ತನಗೆ ಬೇಡ ಅನ್ನೋದು ಅವನ ಮಾತು. ಆರ್ಚ್ ಸ್ಟ್ರೀಟಿನ ಬೆಂಚಿನ ಕತೆ ತಿರುಗುಮುರುಗಾಗಿ ಮತ್ತೆ ನಡೆದಂತೆ ನನಗೆ ಕಾಣುತ್ತೆ.

ಆ ಸಮ್ಮೇಳನದ ದೊಡ್ಡ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಬರೆದವನು ಹೇಡನ್. ಲುಕ್ರಿಷಿಯಾಳನ್ನು ಎದುರಿಗೇ ಬರೆಯಬೇಕು ಅಂದುಕೊಂಡಿದ್ದನಂತೆ. ಮಾತಾಡಿಸಿದ ಮೇಲೆ ಅವಳ ಧಾರ್ಮಿಕ ವಿಚಾರಗಳು ಸರಿಬೀಳದೆ ಹಿಂದಕ್ಕೆ ತಳ್ಳಿದ ಅಂತ ಅವನ ಡೈರಿಯೇ ಹೇಳುತ್ತೆ. ಸಭೆಯಲ್ಲಿ ಪರದೆಯ ಹಿಂದೆ, ಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ. ಆದರೆ ಇದನ್ನೆಲ್ಲ ನೋಡಿದ ಇಂಗ್ಲೆಂಡಿನ ಕ್ವೇಕರ್ ಹೆಂಗಸು ಆ್ಯನ್ ನೈಟ್‌ಗೆ ತಡೆಯಲಾರದ ಸಿಟ್ಟು ಬಂತು. 1851ರಲ್ಲಿ ಶೆಫೀಲ್ಡಿನ ಹೆಂಗಸರ ಜೊತೆ ಸೇರಿ ಓಟಿನ ಹಕ್ಕು ಕೇಳುವ ಸಂಘ ಕಟ್ಟಿದಳು. ಆಗ ಅವಳ ವಯಸ್ಸು ಅರವತ್ತು ದಾಟಿತ್ತು.

ಅದೇ ಲಂಡನ್ನಿನಲ್ಲಿ ಹೊಸದಾಗಿ ಮದುವೆಯಾಗಿ ಗಂಡನ ಜೊತೆ ಬಂದಿದ್ದ ಎಲಿಜಬೆತ್ ಕೇಡಿ ಸ್ಟಾಂಟನ್‌ಗೆ ಲುಕ್ರಿಷಿಯಾಳ ಪರಿಚಯವಾಯಿತು. ಎಂಟು ವರ್ಷ ಕಳೆದು, 1848ರ ಜುಲೈ 9ರಂದು, ನ್ಯೂಯಾರ್ಕ್ ರಾಜ್ಯದ ವಾಟರ್‌ಲೂ ಊರಿನಲ್ಲಿ ಜೇನ್ ಹಂಟ್ ಅನ್ನುವವಳ ಮನೆಯಲ್ಲಿ ಐದು ಜನ ಚಹಾಕ್ಕೆ ಸೇರಿದರು. ಸ್ಟಾಂಟನ್ ಒಬ್ಬಳನ್ನು ಬಿಟ್ಟರೆ ಉಳಿದ ನಾಲ್ವರೂ ಕ್ವೇಕರ್ ಮನೆಗಳಲ್ಲಿ ಬೆಳೆದವರು. ಹತ್ತೇ ದಿನದಲ್ಲಿ ಪಕ್ಕದ ಸೆನೆಕಾ ಫಾಲ್ಸ್‌ನಲ್ಲಿ ಹೆಣ್ಣಿನ ಹಕ್ಕಿನ ಸಮಾವೇಶ. ಸುಮಾರು 300 ಜನ ಬಂದರು, ಘೋಷಣೆಗೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಓಟಿನ ಹಕ್ಕು ಕೇಳಿದರೆ ಜನ ನಗುತ್ತಾರೆ ಅಂತ ಲುಕ್ರಿಷಿಯಾಳಿಗೇ ಅಳುಕಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಬೆಂಬಲಕ್ಕೆ ನಿಂತ ಮೇಲೆ ಆ ಠರಾವು ಪಾಸಾಯಿತು.

ಅಧ್ಯಕ್ಷತೆ? ಅದು ಮಾತ್ರ ಜೇಮ್ಸ್ ಮಾಟ್‌ನದ್ದು. 1833ರಲ್ಲಿ ಗಂಡಸನ್ನು ಕೂರಿಸಿದಂತೆ 1848ರಲ್ಲೂ. ಎರಡು ವಾರ ಕಳೆದು ರಾಚೆಸ್ಟರಿನಲ್ಲಿ ನಡೆದ ಸಭೆಗೆ ಏಮಿ ಪೋಸ್ಟ್ ಮತ್ತು ಅಲ್ಲಿನ ಗೆಳತಿಯರು ಅಬಿಗೇಲ್ ಬುಷ್ ಅನ್ನುವ ಹೆಂಗಸನ್ನೇ ಅಧ್ಯಕ್ಷೆ ಮಾಡಿದರು. ಇದಕ್ಕೆ ಗಾಬರಿಯಾಗಿ ಅಡ್ಡಿ ಹೇಳಿದವರಲ್ಲಿ ಲುಕ್ರಿಷಿಯಾ ಮತ್ತು ಸ್ಟಾಂಟನ್ ಇದ್ದರು! ಸಭೆ ಸುಸೂತ್ರವಾಗಿ ನಡೆದ ಮೇಲೆ ಸಮಾಧಾನವಾಯಿತು. ಬೆಂಕಿ ಹಚ್ಚುವ ಗುಂಪಿಗೆ ಹೆದರದವಳೂ ಒಂದು ಕುರ್ಚಿಗೆ ಹೆದರಿದಳು. ಇದನ್ನು ಓದಿದಾಗ ನನಗೆ ಲುಕ್ರಿಷಿಯಾಳ ಮೇಲೆ ಪ್ರೀತಿ ಹೆಚ್ಚೇ ಆಯಿತು. ಎಷ್ಟು ತಲೆಮಾರಿನ ಅಭ್ಯಾಸ ಅದು, ಒಂದೇ ದಿನಕ್ಕೆ ಹೋಗುತ್ತಾ?

ಇನ್ನೊಂದು ವಿಷಯವನ್ನೂ ಹೇಳಬೇಕು. ಸೆನೆಕಾ ಫಾಲ್ಸ್‌ನ ದಾಖಲೆಗಳಲ್ಲಿ ಒಬ್ಬಳೂ ಕಪ್ಪು ಹೆಂಗಸಿನ ಹೆಸರಿಲ್ಲ. ಫಿಲಡೆಲ್ಫಿಯಾ ಸಂಘದ ಮೇಜಿನ ಸುತ್ತ ಇದ್ದವರು ಹೆಣ್ಣಿನ ಹಕ್ಕಿನ ಮೇಜಿಗೆ ಬರುವ ಹೊತ್ತಿಗೆ ಕಾಣೆಯಾಗಿದ್ದರು.

ಒಂದು ಪಂಥ ತಾನು ಹೇಳಿದ್ದನ್ನು ತಾನೇ ಪಾಲಿಸದಿದ್ದಾಗ ಒಳಗಿದ್ದವರು ಏನು ಮಾಡಬೇಕು? ಈ ಹೆಂಗಸರು ನಾಲ್ಕು ಥರದ ಉತ್ತರ ಕೊಟ್ಟರು. ಆ್ಯಬಿ ಕೆಲ್ಲಿ 1841ರಲ್ಲಿ ರಾಜೀನಾಮೆ ಬರೆದು ಹೊರಗೆ ಬಂದಳು. ಗ್ರಿಮ್ಕೆ ಅಕ್ಕತಂಗಿಯರು ಹೊರಹಾಕಿಸಿಕೊಂಡರು. ಲುಕ್ರಿಷಿಯಾ ಮಾತ್ರ ತನ್ನನ್ನು ತೆಗೆಯಲು ನಡೆದ ಪ್ರಯತ್ನಗಳನ್ನೆಲ್ಲ ದಾಟಿ 1880ರಲ್ಲಿ ಸಾಯುವವರೆಗೂ ಕ್ವೇಕರಳಾಗಿಯೇ ಉಳಿದಳು. ಗ್ರೇಸ್ ಡಗ್ಲಸ್ ವಾರ ವಾರ ಹೋಗಿ ಅದೇ ಬೆಂಚಿನ ಮೇಲೆ ಕೂತಳು. ಮೊದಲ ಮೂರರಲ್ಲಿ ಯಾವುದು ಸರಿ ಅಂತ ವಾದ ಮಾಡಬಹುದು. ನಾಲ್ಕನೆಯದರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅವಳಿಗೆ ರಾಜೀನಾಮೆ ಕೊಡುವಷ್ಟು ಜಾಗವನ್ನೂ ಆ ಪಂಥ ಕೊಟ್ಟಿರಲಿಲ್ಲ. ಆದರೂ ಆ ನಂಬಿಕೆ ನನ್ನದೂ ಹೌದು ಅನ್ನುವುದನ್ನು ಅವಳು ಬಿಟ್ಟುಕೊಡಲಿಲ್ಲ.

ಗ್ರೇಸ್ 1842ರಲ್ಲಿ ತೀರಿಕೊಂಡಳು. ಮಗಳು ಸಾರಾ, ಕ್ವೇಕರನೊಬ್ಬ ಬಿಟ್ಟುಹೋದ ಹಣದಿಂದ ಶುರುವಾದ ಕಪ್ಪು ಮಕ್ಕಳ ಶಾಲೆಗೆ 1853ರಲ್ಲಿ ಸೇರಿ 1877ರವರೆಗೆ ಹುಡುಗಿಯರಿಗೆ ಪಾಠ ಹೇಳಿದಳು. ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಬಂದು ಕಪ್ಪು ಹೆಂಗಸರಿಗೆ ಶರೀರಶಾಸ್ತ್ರದ ಉಪನ್ಯಾಸಗಳನ್ನೂ ಕೊಟ್ಟಳು. ಅವಳೂ ಸಾರಾ ಗ್ರಿಮ್ಕೆಯೂ ಆ ಬೆಂಚಿನ ಮೇಲೆ ಶುರುವಾದ ಗೆಳೆತನವನ್ನು 1873ರಲ್ಲಿ ಗ್ರಿಮ್ಕೆ ಸಾಯುವವರೆಗೂ ಕಾಗದ ಬರೆದುಕೊಂಡು ಉಳಿಸಿಕೊಂಡರು. ಆ ಕಾಗದಗಳಲ್ಲಿ ಕೆಲವು ಇಂದಿಗೂ ಉಳಿದಿವೆ.